ಕಿತ್ತಳೆ ಹಣ್ಣು ಮತ್ತು ಹೊಟ್ಟೆಯ ಗಾಯ

ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದೆ. ಕಿತ್ತಳೆಯ ವಾಸನೆ ಬಂತು. ಚಳಿಗಾಲದ ನಾಗಪುರದಲ್ಲಿ ಇದೇನು ವಿಶೇಷ ಅನ್ನುತ್ತೀರಿ. ವಿಶೇಷ ಹಣ್ಣಿನದಲ್ಲ. ಆಸ್ಪತ್ರೆಯ ನಮ್ಮ ರೆಕಾರ್ಡ್ ರೂಮಿಗೆ ಹೊಸದಾಗಿ ಸೇರಿದ ಹುಡುಗಿ ಅದನ್ನು ಸುಲಿಯುವ ಬದಲು ಪೆನ್ನಿನ ರಿಫಿಲ್ಲಿನಿಂದ ಚುಚ್ಚಿ, ಪಕ್ಕದವಳಿಗೆ ಹಿಂದಿಯಲ್ಲಿ ಪಾಠ ಹೇಳುತ್ತಿದ್ದಳು. ರಸ ಬರಲಿಲ್ಲ ನೋಡು, ಅಂದರೆ ಒಳಗೆ ಹೋಗಿಲ್ಲ; ಇದು ನಮ್ಮ ಮೇಡಮ್ಮಿನ ಕಿತ್ತಳೆ ಫಾರ್ಮುಲಾ, ಅಂತ.

ಮೇಡಂ ಅಂದರೆ ನಾನು. ಫಾರ್ಮುಲಾ ನನ್ನದಲ್ಲ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಊರಿನ ನೆಂಟರಿಗೆ ಇವತ್ತಿಗೂ ಅರ್ಥವಾಗಿಲ್ಲ. ರೋಗಿಯ ಫೈಲು ಓದಿ, ಅವನಿಗೆ ಆದದ್ದಕ್ಕೆ ಸರಿಯಾದ ಹೆಸರು ಹುಡುಕಿ, ಆ ಹೆಸರಿಗೆ ಗೊತ್ತುಮಾಡಿರುವ ಕೋಡ್ ಬರೆಯುವುದು. ಹೊಟ್ಟೆಗೆ ಗಾಯವಾಗಿದೆ ಎಂದರೆ ಸಾಲದು. ಹರಿದದ್ದೋ, ಚುಚ್ಚಿದ್ದೋ, ಕಚ್ಚಿದ್ದೋ? ಒಳಗೆ ಏನಾದರೂ ಉಳಿದುಕೊಂಡಿದೆಯೋ? ಬಲಮೇಲೋ, ಎಡಕೆಳಗೋ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಗಾಯ ಹೊಟ್ಟೆಯ ಒಳಪೊರೆಯನ್ನು ದಾಟಿತೇ ಇಲ್ಲವೇ? ದಾಟಿದ್ದರೆ ಒಂದು ಕೋಡ್, ದಾಟದಿದ್ದರೆ ಬೇರೆಯದೇ ಕೋಡ್. ಮದುವೆಯಾಗಿ, ರೈಲ್ವೆ ಕೆಲಸದ ಯಜಮಾನರ ಹಿಂದೆ ಗದಗಿನಿಂದ ಇಲ್ಲಿಗೆ ಬಂದ ಮೇಲೆ ನಾನು ಕಲಿತ ವಿದ್ಯೆ ಇದೊಂದೇ. ಜಂಬ ಇಲ್ಲದೆ ಇರುತ್ತದೆಯೇ?

ಕೆಲವು ವರ್ಷಗಳ ಹಿಂದೆ ನಮ್ಮ ರೂಮಿಗೆ ಸುಮಿತ್ರಾ ಕೆಲಸಕ್ಕೆ ಬಂದಳು. ಅವಳ ಅಪ್ಪ ಇಲ್ಲಿಯ ಮದ್ದುಗುಂಡಿನ ಕಾರ್ಖಾನೆಗೆ ವರ್ಗವಾಗಿ ಬಂದವರು. ಅವಳು ಹುಟ್ಟಿದ್ದೇ ನಾಗಪುರದಲ್ಲಿ. ಕನ್ನಡ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಕನ್ನಡದ ಹುಡುಗಿಯೆಂದು ಪ್ರೀತಿಯಿಂದ ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಕಲಿಸಿದೆ. ಆರು ತಿಂಗಳಲ್ಲಿ ನನ್ನನ್ನು ಹಿಂದೆ ಹಾಕಿದಳು. ನಾನು ಪುಸ್ತಕ ತಿರುವುವಷ್ಟರಲ್ಲಿ ಅವಳ ಬಾಯಲ್ಲಿ ಕೋಡ್ ಇರುತ್ತಿತ್ತು. ಡಾಕ್ಟರರ ಬರಹ ತಿಳಿಯದಿದ್ದರೆ ನಾನು ಊಹೆ ಮಾಡುತ್ತಿದ್ದೆ. ಅವಳು ಚಪ್ಪಲಿ ಮೆಟ್ಟಿಕೊಂಡು ವಾರ್ಡಿಗೇ ಹೋಗಿ ಕೇಳಿಕೊಂಡು ಬರುತ್ತಿದ್ದಳು. ಒಂದು ದಿನ ನಾನು ಹೊಸಬರಿಗೆ ಒಳಪೊರೆ ವಿವರಿಸಿ ಸುಸ್ತಾಗಿ ಕೂತಿದ್ದಾಗ, ಡಬ್ಬಿಯಿಂದ ಕಿತ್ತಳೆ ತೆಗೆದು ಹೇಳಿದಳು:

"ಅಕ್ಕಾ, ಸಿಂಪಲ್ ಐತಿ. ಸಿಪ್ಪಿಗೆ ಚುಚ್ಚಿದ್ರ ಬರೇ ಸಿಪ್ಪಿ ಗಾಯ. ತೊಳಿಗೆ ಚುಚ್ಚಿ ರಸ ಬಂತಂದ್ರ ಒಳಗ ಹೋತು. ಬರೋಬರ್?"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಇಷ್ಟು ವರ್ಷ ಕಿತ್ತಳೆ ತಿಂದದ್ದು ನಾನು, ಹೊಳೆದದ್ದು ಅವಳಿಗೆ! ಅವಳು ನಕ್ಕರೂ, ಅವಳ ಸೀರೆ ಚೆನ್ನಾಗಿದ್ದರೂ ನನಗೆ ಮೈ ಉರಿಯತೊಡಗಿತು. ಮನೆಯಲ್ಲಿ ಅವಳ ಕನ್ನಡವನ್ನು ಅಣಕಿಸಿ ಯಜಮಾನರನ್ನು ನಗಿಸುತ್ತಿದ್ದೆ. ಒಂದು ದಿನ ಅವರು ನಗಲಿಲ್ಲ. "ಆ ಹುಡುಗಿ ನಿನಗ ಏನ್ ಮಾಡ್ಯಾಳ?" ಅಂದರು. ಏನೂ ಮಾಡಿರಲಿಲ್ಲ, ಅದೇ ತಾನೆ ಕಷ್ಟ.

ಅಷ್ಟರಲ್ಲಿ ಎಲ್ಲರ ಕೋಡುಗಳನ್ನೂ ಕೊನೆಗೆ ತಪಾಸಣೆ ಮಾಡುವವರ ಕುರ್ಚಿ ಖಾಲಿಯಾಯಿತು. ಅದು ಅವಳಿಗೇ ಎಂದು ರೂಮಿಗೆಲ್ಲ ಗೊತ್ತಿತ್ತು. ಅದೇ ವಾರ ಇಲ್ಲೇ ಹತ್ತಿರದ ಕಳಮೇಶ್ವರದ ಕಾರ್ಖಾನೆಯ ಕೆಲಸಗಾರನೊಬ್ಬನ ಫೈಲು ಬಂತು, ತಗಡಿನ ಚೂಪು ಹೊಟ್ಟೆಗೆ ಚುಚ್ಚಿತ್ತು. ಸುಮಿತ್ರಾ 'ಒಳಪೊರೆ ದಾಟಿಲ್ಲ' ಎಂದು ಬರೆದಿದ್ದಳು. ಹಾಳೆ ತಿರುವಿದೆ. ಆಪರೇಷನ್ ಥಿಯೇಟರಿನಲ್ಲಿ ಹೊಟ್ಟೆ ತೆರೆದಿದ್ದಾರೆ, ಗೇಣುದ್ದ ಹೊಲಿಗೆ ಹಾಕಿದ್ದಾರೆ! ನನಗಾದ ಸಂತೋಷ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಫೈಲನ್ನು ಎದೆಗವುಚಿಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಹಿರಿಯಳಾದ ನನ್ನ ಮಾತು ನಂಬಿ, ಅವಳನ್ನು ಕೇಳದೆಯೇ ತಪ್ಪೆಂದು ಗುರುತು ಹಾಕಿದರು. ಕುರ್ಚಿ ನನಗೆ ಬಂತು.

ಆ ಕುರ್ಚಿಯಲ್ಲಿ ಕೂತು ಒಂದು ವಾರಕ್ಕೆ, ಸುಮ್ಮನೆ ಕೈ ತಡೆಯದೆ ಅದೇ ಫೈಲಿನ ಕೊನೆಯ ಹಾಳೆ ಓದಿದೆ. ಸರ್ಜನ್ ಬರೆದಿದ್ದರು: "ಅನುಮಾನದ ಮೇಲೆ ಹೊಟ್ಟೆ ತೆರೆದು ನೋಡಿದೆವು. ಒಳಪೊರೆ ಎಲ್ಲೂ ಹರಿದಿಲ್ಲ. ಮುಚ್ಚಿ ಹೊಲಿದೆವು." ತಗಡು ದಾಟಿರಲಿಲ್ಲ. ದಾಟಿದ್ದು ಸರ್ಜನ್ನರ ಚಾಕು. ನಾನು ಚಿಕಿತ್ಸೆಯನ್ನೇ ಗಾಯವೆಂದು ಲೆಕ್ಕ ಹಿಡಿದಿದ್ದೆ. ಮೊದಲ ವಾರ ಸೇರಿದವರು ಮಾಡುವ ತಪ್ಪು, ಮಾಡಬೇಡಿ ಎಂದು ನಾನೇ ಕಲಿಸುತ್ತಿದ್ದ ತಪ್ಪು. ಫೈಲು ಮುಚ್ಚಿ ಕಪಾಟಿಗೆ ಸೇರಿಸಿದೆ. ಯಾರಿಗೂ ಹೇಳಲಿಲ್ಲ.

ಎರಡು ತಿಂಗಳಿಗೆ ಸುಮಿತ್ರಾ ಪುಣೆಯಲ್ಲಿ ಕೆಲಸ ಹಿಡಿದಳು. ಹೊರಡುವ ದಿನ ನನ್ನ ಮೇಜಿನ ಮೇಲೆ ಒಂದು ಚೀಲ ಕಿತ್ತಳೆ ಇಟ್ಟು, ಮೆಲ್ಲಗೆ ಕೇಳಿದಳು:

"ಅಕ್ಕಾ, ಆ ಕಳಮೇಶ್ವರದ ಫೈಲಿನ ಕೊನೀ ಹಾಳಿ ಓದಿದ್ರೇನು?"

"ಇಲ್ಲವ್ವಾ, ಕೆಲಸ ಭಾಳ ಐತಿ. ಓದ್ತೇನಿ ತಗೋ," ಅಂದೆ.

"ಓದ್ರಿ," ಅಂದಳು. ಅಷ್ಟೇ. ಜಗಳವಾಡಿದ್ದರೆ ಎಷ್ಟು ಹಗುರವಾಗುತ್ತಿತ್ತು! ಆ ಹಣ್ಣುಗಳನ್ನು ನಾನು ತಿನ್ನಲಿಲ್ಲ, ರೂಮಿನವರಿಗೆ ಹಂಚಿದೆ. ಅವಳ ಕುರ್ಚಿಯ ಜೊತೆಗೆ ಅವಳ ಕಿತ್ತಳೆ ಪಾಠವನ್ನೂ ಇಟ್ಟುಕೊಂಡೆ.

ಇವತ್ತು ಆ ಹುಡುಗಿ ರಿಫಿಲ್ ಹಿಡಿದು ನನ್ನ ಕಡೆ ಮೆಚ್ಚುಗೆಯಿಂದ ನೋಡಿದಾಗ ಕೂತಲ್ಲಿ ಕೂರಲಾಗಲಿಲ್ಲ. "ಅದು ನನ್ನದಲ್ಲ, ಸುಮಿತ್ರಾ ಅಂತ ಇದ್ದಳು, ಅವಳದು," ಎಂದು ಹಿಂದಿಯಲ್ಲಿ ಹೇಳಿದೆ. ಹೇಳುವಾಗಲೂ ಒಳಗೆ ಚುರ್ ಎಂದಿತು, ಸುಳ್ಳೇಕೆ. ಊಟ ಮುಗಿದ ಮೇಲೆ ಆ ಫೈಲನ್ನು ತೆಗೆಸಿ, ಕೋಡ್ ತಿದ್ದಿ, ತಪ್ಪು ಯಾರದು ಎಂಬಲ್ಲಿ ನನ್ನ ಹೆಸರು ಬರೆದು ಮುಖ್ಯಸ್ಥರ ಮೇಜಿಗೆ ಕಳಿಸಿದೆ.

ಆಮೇಲೆ ಮೊಬೈಲು ತೆಗೆದು ಸುಮಿತ್ರಾಗೆ ಬರೆಯಲು ಕೂತೆ. ಅಚ್ಚ ಕನ್ನಡದಲ್ಲಿ, ಒತ್ತಕ್ಷರ ಒಂದೂ ತಪ್ಪದಂತೆ, ಉದ್ದಕ್ಕೆ ಬರೆದೆ. ಕಳಿಸಬೇಕು ಅನ್ನುವಾಗ ನೆನಪಾಯಿತು, ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನನಗೆ ಅದು ಮೊದಲೇ ಗೊತ್ತಿತ್ತಲ್ಲ!

ಎಲ್ಲ ಅಳಿಸಿದೆ. ಮೈಕಿನ ಗುಂಡಿ ಒತ್ತಿ ಹಿಡಿದು ಬಾಯಿಬಿಟ್ಟೇ ಹೇಳಿದೆ: "ಸುಮಿತ್ರಾ, ಕೊನೀ ಹಾಳಿ ನಾ ಅವತ್ತೇ ಓದಿದ್ದೆ."