ನಾಲ್ಕು ಬಟ್ಟಲು ನೀರು

ನೆನೆದ ಪತ್ರಿಕೆಗೆ ಒಂದು ವಾಸನೆಯಿದೆ. ಅರ್ಧ ಮಸಿ, ಅರ್ಧ ಮಣ್ಣು. ಇಷ್ಟು ವರ್ಷ ಪತ್ರಿಕೆಯಲ್ಲಿ ದುಡಿದರೂ ಆ ವಾಸನೆ ನನಗೆ ಕಚೇರಿಯನ್ನು ನೆನಪಿಸುವುದಿಲ್ಲ. ಕಳೆದ ತಿಂಗಳು ಬಾಗಲಕೋಟೆಯ ಬಾಡಿಗೆ ಮನೆಯಲ್ಲಿ, ಎರೆಹುಳುಗಳಿಗೆ ಒಂದು ಡಬ್ಬಿ ಮಾಡೋಣವೆಂದು ಹಳೆಯ ಪತ್ರಿಕೆಗಳನ್ನು ಹರಿದು ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಹಿಂಡಲು ಕೈಹಾಕಿದಾಗ ಇಳಕಲ್ಲಿನ ಅಕ್ಕೋರು ನೆನಪಾದರು...

ಶಾಲೆಯ ಶಿಕ್ಷಕಿಗೆ ನಮ್ಮಲ್ಲಿ ಅಕ್ಕೋರು ಎನ್ನುತ್ತಾರೆ. ಇವರು ಗುಡೂರಿನ ಶಾಲೆಯಿಂದ ನಿವೃತ್ತರಾಗಿದ್ದರು. ಪತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಆಗ ಇಳಕಲ್ಲಿನಲ್ಲಿ ವರದಿಗಾರನಾಗಿದ್ದ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಪಕ್ಕದ ಮನೆಯ ಮಗ್ಗ ನಿಂತರೆ ಅವರ ಮನೆಯಲ್ಲಿ ಬೇರೆ ಸದ್ದಿರುತ್ತಿರಲಿಲ್ಲ.

ಹಿತ್ತಿಲಲ್ಲಿ ತಗಡಿನ ನೆರಳಿಗೆ ಒಂದು ಮರದ ಸ್ಟೂಲು, ಅದರ ಮೇಲೆ ಪ್ಲಾಸ್ಟಿಕ್ ಡಬ್ಬಿ. ಕಾಯಿಸಿದ ಕಬ್ಬಿಣದ ಸಲಾಕೆಯಿಂದ ತಾವೇ ಅದಕ್ಕೆ ತೂತು ಹಾಕಿದ್ದರು. ಒಳಗೆ ತೆಂಗಿನ ನಾರು, ನೆನೆಸಿ ಹಿಂಡಿದ ಪತ್ರಿಕೆಯ ಚೂರು, ಹಳೆಯ ಸಗಣಿಗೊಬ್ಬರ, ಅದರೊಳಗೆ ಕೆಂಪು ಹುಳುಗಳು. ಮೇಲೆ ಒದ್ದೆ ಗೋಣಿಚೀಲ. ಸ್ಟೂಲಿನ ಕಾಲುಗಳು ನಾಲ್ಕು ಸ್ಟೀಲ್ ಬಟ್ಟಲುಗಳಲ್ಲಿ ನಿಂತಿದ್ದವು. ಬಟ್ಟಲಲ್ಲಿ ನೀರಿದ್ದರೆ ಇರುವೆ ಹತ್ತುವುದಿಲ್ಲ. ಮೊದಲ ಹಿಡಿ ಹುಳುಗಳನ್ನು ಅವರ ನಿವೃತ್ತಿಯ ದಿನ ಗುಡೂರಿನ ರೈತರೊಬ್ಬರು ಕೊಟ್ಟಿದ್ದರಂತೆ, ಶಾಲು ಹಾರದ ಜೊತೆಗೆ.

"ಶಾಲು ಟ್ರಂಕಿನ್ಯಾಗ ಬಿದ್ದೈತಿ," ಎನ್ನುತ್ತಿದ್ದರು. "ಇವಷ್ಟ ನನ್ನ ಕೂಡ ಅದಾವ."

ನನ್ನ ಪತ್ರಿಕೆಯನ್ನು ಅವರು ಓದಿ, ತಪ್ಪುಗಳಿಗೆ ಕೆಂಪು ಪೆನ್ನಿನಿಂದ ಗೆರೆ ಎಳೆದು, ಆಮೇಲೆ ಹರಿಯುತ್ತಿದ್ದರು. "ತಮ್ಮಾ, ನಿನ್ನ ಸುದ್ದಿ ಇವಕ್ಕ ಲಗೂ ಅರಗ್ತಾವ ನೋಡು. ಒಳಗ ಗಟ್ಟಿ ಏನೂ ಇರೂದಿಲ್ಲ."

ಒಮ್ಮೆ ನಾನು ಡಬ್ಬಿಗೆ ಮೋಸಂಬಿ ಸಿಪ್ಪೆ ಹಾಕಲು ಹೋದೆ. ತಡೆದರು. "ಹುಳಿ ಇವಕ್ಕ ಆಗೂದಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಮೋಸಂಬಿ ನನಗೂ ಆಗೂದಿಲ್ಲ," ಎಂದರು.

ಕಾರಣವನ್ನು ಇನ್ನೊಂದು ದಿನ ಹೇಳಿದರು. ಅವರು ಕುಳಗೇರಿ ಕ್ರಾಸ್ ಹತ್ತಿರದ ಶಾಲೆಯಲ್ಲಿದ್ದ ಕಾಲ. ಪತಿ ಇಲ್ಲಿ ಇಳಕಲ್ಲಿನಲ್ಲಿ. ಒಂದು ದಿನ ಶಾಲೆಗೆ ಸುದ್ದಿ ಬಂತು: ಯಜಮಾನರಿಗೆ ಆರಾಮಿಲ್ಲ, ಲಗೂ ಬರ್ರಿ. ನಮ್ಮ ಕಡೆ ಸಾವನ್ನು ಹೀಗೆಯೇ ತಿಳಿಸುತ್ತಾರೆ. ಹೇಳುವವರಿಗೆ ಗೊತ್ತಿರುತ್ತದೆ, ಬಸ್ಸಿಗೆ ಹತ್ತಿಸುವವರಿಗೂ ಗೊತ್ತಿರುತ್ತದೆ. ಅಕ್ಕೋರು ಕ್ರಾಸಿನಲ್ಲಿ ಆರು ಮೋಸಂಬಿ ಕೊಂಡು ಬಸ್ಸು ಹತ್ತಿದರು. ಮನೆಯ ಮುಂದೆ ಜನ ಕುಳಿತಿದ್ದನ್ನು ನೋಡುವವರೆಗೂ ಹಣ್ಣು ಮಡಿಲಲ್ಲೇ ಇತ್ತು.

"ಬಸ್ಸಿನ್ಯಾಗ ಅಳಾಕ ನನಗ ಮೂರು ತಾಸು ಸಿಗ್ತಿತ್ತು, ತಮ್ಮಾ. ಅದನ್ನೂ ಕಸಗೊಂಡ್ರು."

ಅದನ್ನು ನಾನು ಕೇಳಿಸಿಕೊಂಡಿದ್ದೆ. ಮರೆತಿರಲೂ ಇಲ್ಲ.

ಒಂದು ಬೇಸಿಗೆಯಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಗುಳೇದಗುಡ್ಡದಿಂದ ಅವರ ಅಣ್ಣನ ಮಗ ಬಂದು ಕಾಲಿನ ಆಪರೇಷನ್ನಿಗೆ ಬಾಗಲಕೋಟೆಗೆ ಕರೆದೊಯ್ದರು. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು: "ಬಟ್ಟಲಾಗ ನೀರು ಆರಗೊಡಬ್ಯಾಡ." ದಿನವೂ ಮಧ್ಯಾಹ್ನ ಊಟವಾದ ಮೇಲೆ ಫೋನು ಮಾಡುತ್ತಿದ್ದರು. ತಮ್ಮ ಕಾಲಿನ ಮಾತು ಕೊನೆಗೆ, ಹುಳುಗಳದ್ದು ಮೊದಲು.

"ಏನ್ ಮಾಡಾಕತ್ತಾವೋ?"

"ಪೇಪರ್ ಓದಾಕತ್ತಾವ್ರಿ ಅಕ್ಕೋರ."

"ನಿನ್ನ ಸುದ್ದಿ ಬಿಟ್ಟು ಓದಾಕ ಹೇಳು." ಆಸ್ಪತ್ರೆಯ ಹಾಸಿಗೆಯಿಂದ ಅವರ ನಗು ಕೇಳುತ್ತಿತ್ತು.

ಅಷ್ಟರಲ್ಲಿ ಎರಡು ದಿನ ವರದಿಗೆಂದು ಬಾದಾಮಿಗೆ ಹೋದೆ. ಬಂದು ನೋಡಿದರೆ ಬಟ್ಟಲುಗಳು ಒಣಗಿ, ಸ್ಟೂಲಿನ ಕಾಲುಗಳ ಮೇಲೆ ಇರುವೆ ಸಾಲುಗಟ್ಟಿದ್ದವು. ಯಾವ ಮನೆಯವರಾದರೂ ಮಾಡುವುದನ್ನೇ ಮಾಡಿದೆ. ಅಂಗಡಿಯಿಂದ ಬಿಳಿ ಇರುವೆ ಪುಡಿ ತಂದು ಕಾಲುಗಳ ಸುತ್ತ, ಡಬ್ಬಿಯ ಅಂಚಿಗೆ ಉದುರಿಸಿದೆ. ಗೋಣಿಚೀಲಕ್ಕೆ ನೀರು ಚಿಮುಕಿಸಿದಾಗ ಪುಡಿ ಕರಗಿ ಒಳಗಿಳಿಯಿತು. ಮೂರನೆಯ ದಿನ ವಾಸನೆ ಬಂದು ಚೀಲ ಎತ್ತಿದೆ. ಒಂದೂ ಉಳಿದಿರಲಿಲ್ಲ.

ಆ ಮಧ್ಯಾಹ್ನವೂ ಫೋನು ಬಂತು.

"ಏನ್ ಮಾಡಾಕತ್ತಾವೋ?"

"ಓದಾಕತ್ತಾವ್ರಿ," ಎಂದೆ.

ಖಚಿತವಿಲ್ಲದ ಒಂದು ಸಾಲನ್ನೂ ಕಚೇರಿಗೆ ಕಳಿಸದವನು ನಾನು. ಒಂಬತ್ತು ದಿನ ಅದನ್ನೇ ಹೇಳಿದೆ.

ಅಕ್ಕೋರು ವಾಕರ್ ಹಿಡಿದು ಬಂದವರು ಮನೆಯೊಳಗೆ ಕೂರದೆ ನೇರ ಹಿತ್ತಿಲಿಗೆ ಹೋದರು. ಚೀಲ ಎತ್ತಿದರು, ಬೆರಳಿನಿಂದ ಗೊಬ್ಬರ ಕೆದಕಿದರು.

"ಯಾವಾಗ?"

ಹೇಳಿದೆ. ಪುಡಿಯ ವಿಷಯವನ್ನೂ ಹೇಳಿದೆ. ದವಾಖಾನೆಯಲ್ಲಿ ನಿಮಗೆ ಬೇಸರವಾಗಬಾರದೆಂದು... ಎಂದು ಶುರು ಮಾಡಿದೆ.

"ದಿನಾ ಸತ್ತವರ ಸುದ್ದಿ ಬರಿಯಾಂವ ನೀ," ಎಂದರು. "ನನಗಷ್ಟ ಹೇಳಲಿಲ್ಲ."

ದನಿ ಏರಿಸಲಿಲ್ಲ. ಸಂಜೆ ಎಂದಿನಂತೆ ಎರಡು ರೊಟ್ಟಿ, ಪಲ್ಯ ಕೊಟ್ಟರು. ಮಾತು ಬಿಡಲಿಲ್ಲ. ಆದರೆ ಅಂದಿನಿಂದ ನನ್ನನ್ನು ಯಾವ ಸುದ್ದಿಯನ್ನೂ ಕೇಳಲಿಲ್ಲ. ಪತ್ರಿಕೆಗಳು ಹರಿಯದೆ ಮೂಲೆಯಲ್ಲಿ ರಾಶಿಯಾದವು. ಮಳೆಗಾಲದ ಹೊತ್ತಿಗೆ ಅವರು ಗುಳೇದಗುಡ್ಡದ ಅಣ್ಣನ ಮಗನ ಮನೆಗೆ ಹೋದರು. ನನಗೆ ಬಾಗಲಕೋಟೆಗೆ ವರ್ಗವಾಯಿತು.

ಕೆಲವು ವರ್ಷಗಳ ನಂತರ ಅವರ ಅಣ್ಣನ ಮಗ ಫೋನು ಮಾಡಿದರು.

"ಅಕ್ಕೋರಿಗೆ ಜರಾ ಆರಾಮಿಲ್ರಿ. ಒಂದ್ಸಲ ಬಂದು ಹೋಗ್ರಿ."

"ತೀರಿಕೊಂಡ್ರೇನ್ರಿ?"

"ಹೌದ್ರಿ... ಮುಂಜಾನಿ."

ಗುಳೇದಗುಡ್ಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೈಯಲ್ಲಿ ಏನೂ ಇರಲಿಲ್ಲ. ಅವರಿಗೆ ಸಿಗದಿದ್ದ ಪ್ರಯಾಣ ನನಗೆ ಸಿಕ್ಕಿತ್ತು. ಊರು ಬರುವವರೆಗೂ ಮುಖ ಹೊರಗೆ ತಿರುಗಿಸಿಕೊಂಡೇ ಕುಳಿತಿದ್ದೆ...

ಈಗ ನನ್ನ ಡಬ್ಬಿ ಸಿದ್ಧವಾಗಿದೆ. ಹುಳುಗಳನ್ನು ಗುಡೂರಿನಿಂದಲೇ ತಂದೆ. ಸ್ಟೂಲಿನ ಕೆಳಗೆ ನಾಲ್ಕು ಬಟ್ಟಲು ಇಟ್ಟಿದ್ದೇನೆ. ಮೊನ್ನೆ ಎರಡು ಹುಳು ತೂತಿನಿಂದ ಹೊರಬಿದ್ದು ನೆಲದ ಮೇಲೆ ಒಣಗಿದ್ದವು. ಮಧ್ಯಾಹ್ನ ಊಟವಾದ ಮೇಲೆ ಫೋನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತೆ. ಎರಡು ಸತ್ತಾವ್ರಿ ಅಕ್ಕೋರ, ಎಂದು ಹೇಳಬೇಕಿತ್ತು. ಕೇಳುವವರು ಯಾರೂ ಇರಲಿಲ್ಲ.

ಆಮೇಲೆ ಎದ್ದು ಬಟ್ಟಲುಗಳಿಗೆ ನೀರು ಹಾಕಿದೆ.