ಕಾಕಾರ ಬಿಸಿ ಡಬ್ಬಿ

ಗುರುಪಾದಪ್ಪ ಕಾಕಾರನ್ನು ಟೈಮೆಷ್ಟು ಎಂದು ಕೇಳಿ ನೆಟ್ಟಗೆ ಉತ್ತರ ಪಡೆದವರು ಹಾನಗಲ್ಲಿನಲ್ಲಿ ಒಬ್ಬರೂ ಇರಲಿಕ್ಕಿಲ್ಲ. ಕೈಯಲ್ಲಿ ವಾಚಿಲ್ಲ. ಅವರ ಬೀಜ-ಗೊಬ್ಬರದ ಅಂಗಡಿಯ ಗೋಡೆ ಗಡಿಯಾರ ಹಿಂದೆ ಬಿದ್ದು ಎಷ್ಟೋ ಕಾಲವಾಗಿತ್ತು. ಅದನ್ನು ತಿದ್ದುವ ಗೋಜಿಗೂ ಹೋಗುತ್ತಿರಲಿಲ್ಲ. ಮದುವೆಗೆ ಹೋದರೆ ಅಕ್ಕಿಕಾಳು ಬಿದ್ದು ಜನ ಊಟಕ್ಕೆ ಕೂತಿರುತ್ತಿದ್ದರು. ಇಂಥ ಮನುಷ್ಯ ಮನೆಯ ಒಳಕೋಣೆಯಲ್ಲಿ ಒಂದು ಸೆಕೆಂಡನ್ನು ಕೋಟಿ ತುಂಡು ಮಾಡಿ ಎಣಿಸುತ್ತ ಕೂರುತ್ತಾರೆ ಎಂದರೆ ಯಾರು ನಂಬಬೇಕು? ಗೋಡೆಯಾಚೆಯ ಮನೆಯಲ್ಲಿದ್ದ ನಾನೇ ನಂಬಿರಲಿಲ್ಲ.

ನಾನು ಆಡೂರಿನ ಶಾಲೆಯಲ್ಲಿ ಕನ್ನಡ ಕಲಿಸುವವಳು. ಒಮ್ಮೆ ಹಾಲಿಗೆ ಹೆಪ್ಪು ಕೇಳಲು ಹೋದಾಗ ಕಾಕಾ ಒಳಗೆ ಕರೆದು ತೋರಿಸಿದರು. ಮೇಜಿನ ಮೇಲೆ ಕೆಂಪು ಅಂಕಿಗಳು ಮಿನುಗುವ ಫ್ರೀಕ್ವೆನ್ಸಿ ಕೌಂಟರ್, ಹುಬ್ಬಳ್ಳಿಯ ಗುಜರಿಯಿಂದ ತಂದು ರಿಪೇರಿ ಮಾಡಿದ್ದು. ಪಕ್ಕದಲ್ಲಿ ಊಟದ ಡಬ್ಬಿಯಷ್ಟು ದೊಡ್ಡದೊಂದು ತಗಡಿನ ಡಬ್ಬಿ. ಅದರೊಳಗೆ ಸೆಕೆಂಡಿಗೆ ಕೋಟಿ ಸಲ ನಡುಗುವ ಹರಳಿದೆಯಂತೆ, ಆ ನಡುಕವನ್ನು ಕೌಂಟರ್ ಎಣಿಸುತ್ತದಂತೆ. ಹರಳು ಸದಾ ಒಂದೇ ಬಿಸಿಯಲ್ಲಿರಬೇಕು. ಒಮ್ಮೆ ತಣ್ಣಗಾದರೆ ಮತ್ತೆ ಹದಕ್ಕೆ ಬರಲು ವಾರಗಟ್ಟಲೆ ಬೇಕು. ಅದಕ್ಕೇ ಕರೆಂಟು ಹೋದರೆ ಇರಲಿ ಎಂದು ಮೇಜಿನ ಕೆಳಗೆ ಟ್ರ್ಯಾಕ್ಟರ್ ಬ್ಯಾಟರಿ ಇಟ್ಟಿದ್ದರು.

ಇಷ್ಟೆಲ್ಲ ಇದೆಯಲ್ಲ, ಹಾಗಾದರೆ ಈಗ ಟೈಮೆಷ್ಟು ಎಂದು ಕೇಳಿದೆ.

"ಅದು ನನಗೇನ್ ಗೊತ್ತು ತಂಗಿ? ಸೆಕೆಂಡು ಎಷ್ಟು ಉದ್ದ ಐತಿ ಅಂತ ಕೇಳು, ಹೇಳ್ತೇನಿ. ಎಷ್ಟು ಸೆಕೆಂಡು ಹ್ವಾದವು ಅನ್ನೂದು ಬ್ಯಾರೆ ಮಾತು."

ನನಗೆ ತಲೆಬುಡ ತಿಳಿಯಲಿಲ್ಲ. ದೇವರ ಜಗಲಿಯ ಮೇಲಿನ ನಂದಾದೀಪಕ್ಕೆ ಎಣ್ಣೆ ಹಾಕುತ್ತಿದ್ದ ಶಾಂತಾ ಕಾಕು ಅಲ್ಲಿಂದಲೇ ನಕ್ಕರು. ತನ್ನ ದೀಪ ಆರಬಾರದು, ಇವರ ಡಬ್ಬಿ ಆರಬಾರದು, ಹೀಗಾಗಿ ಗಂಡ-ಹೆಂಡತಿ ಕೂಡಿ ಒಂದು ಊರು ಕಂಡಿಲ್ಲ ಎಂದು ದೂರಿದರು. ದೂರಿನಲ್ಲಿ ಸಿಟ್ಟೇನೂ ಇರಲಿಲ್ಲ.

ಇದೇ ಹುಚ್ಚಿನವರು ಇನ್ನೊಬ್ಬರು ಸವಣೂರಿನಲ್ಲಿದ್ದರು, ಮೌಲಾಸಾಬರು ಅಂತ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಅವರ ಮನೆಯಲ್ಲೂ ಇಂಥದೇ ಕೌಂಟರ್, ಇಂಥದೇ ಬಿಸಿ ಡಬ್ಬಿ. ಸಂಜೆಯಾದರೆ ಇಬ್ಬರದೂ ಫೋನು. ಸೊಸೆಯಂದಿರ ಬಾಣಂತನದ ಸುದ್ದಿಯಂತೆ ಡಬ್ಬಿಗಳ ಯೋಗಕ್ಷೇಮ ಮಾತಾಡುತ್ತಿದ್ದರು. ಉಪಗ್ರಹದ ಸಂಕೇತ ಹಿಡಿದು ಹರಳನ್ನು ತಿದ್ದುವ ಸಣ್ಣ ಯಂತ್ರ ಈಗ ಅಗ್ಗಕ್ಕೆ ಸಿಗುತ್ತದಂತೆ. ಅದನ್ನು ಇಬ್ಬರೂ ಮನೆಗೆ ಸೇರಿಸಲಿಲ್ಲ. ಆಕಾಶದ ಕಡೆ ನೋಡಿ ಉತ್ತರ ಬರೆದರೆ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ ಎಂದು ಕಾಕಾರ ವಾದ. ಹಾಗಾದರೆ ಉತ್ತರ ಸರಿಯೋ ತಪ್ಪೋ ತಿಳಿಯುವುದು ಹೇಗೆ ಎಂದರೆ, ಎರಡು ಡಬ್ಬಿ ಒಂದೇ ಅಂಕಿ ತೋರಿಸಿದರಾಯಿತು ಎನ್ನುತ್ತಿದ್ದರು.

ಹಾಗೆ ತೋರಿಸುತ್ತವೆಯೇ ಎಂದು ನೋಡಲು ಕಾಕಾ ಒಂದು ರವಿವಾರ ತಮ್ಮ ಡಬ್ಬಿಯನ್ನು ಸವಣೂರಿಗೆ ಒಯ್ದರು. ಬಸ್ಸಿನಲ್ಲಿ ತಣ್ಣಗಾಗಬಾರದಲ್ಲ, ತೊಡೆಯ ಮೇಲೆ ಕಂಬಳಿ ಸುತ್ತಿದ ಡಬ್ಬಿ, ಕಾಲಬುಡದಲ್ಲಿ ಬ್ಯಾಟರಿ, ನಡುವೆ ಎರಡು ವಾಯರು. ಬ್ಯಾಟರಿ ಎತ್ತಿ ಇಳಿಸಲು ಜೊತೆಗೆ ನಾನು. ಬಂಕಾಪುರದ ಹತ್ತಿರ ಕಂಡಕ್ಟರ್ ಕಂಬಳಿ ಮುಟ್ಟಿ ನೋಡಿ, ಬಿಸಿ ಇದೆಯಲ್ಲ, ಬುತ್ತಿಯೇನು ಎಂದು ಕೇಳಿದ. ವಾಯರು ಕಂಡ ಮೇಲೆ ಅವನ ಮುಖ ಬದಲಾಯಿತು. ಅಕ್ಕಪಕ್ಕದವರು ಎದ್ದು ಹಿಂದಿನ ಸೀಟಿಗೆ ಹೋದರು. ಇದು ಗಡಿಯಾರದಂಥದ್ದು ಎಂದು ಕಾಕಾ ಹೇಳಿದ್ದರಿಂದ ಜನರ ಹೆದರಿಕೆ ಇನ್ನೂ ಹೆಚ್ಚಾಯಿತು. ಕೊನೆಗೆ ಕಂಡಕ್ಟರ್ ನಾನು ಶಾಲೆಯ ಟೀಚರೆಂದು ಗುರುತು ಹಿಡಿದು, "ನೀವರ ಹೇಳ್ರಿ ಅಕ್ಕಾರ, ಏನೈತ್ರಿ ಇದು?" ಎಂದ. ನನಗೇ ತಿಳಿಯದ್ದನ್ನು ಏನಂತ ಹೇಳಲಿ? ಸಾಲೀ ಸಾಮಾನು ಎಂದುಬಿಟ್ಟೆ.

ಸವಣೂರಿನಲ್ಲಿ ಚಹಾ ಕುಡಿದು ಡಬ್ಬಿಗಳನ್ನು ಜೋಡಿಸಿದರು. ಅಂಕಿ ಕೂಡಲಿಲ್ಲ. ಕೊನೆಯ ಅಂಕಿಯಲ್ಲಿ ಕೂದಲೆಳೆಯಷ್ಟು ಫರಕು. ಕಾಕಾರ ಹರಳು ಮುಂದೆ, ಸಾಬರದು ಹಿಂದೆ.

"ಸಾವ್ಕಾರ್ರ, ನಿಮ್ದು ಓಡಾಕತ್ತೈತಿ," ಎಂದರು ಸಾಬರು.

"ನಿಮ್ದ ಕುಂಟಾಕತ್ತೈತಿ ಸಾಬರ," ಎಂದರು ಕಾಕಾ.

ಮೊದಲು ನಗುತ್ತಲೇ ಶುರುವಾದ ಮಾತು ಸಂಜೆಯ ಹೊತ್ತಿಗೆ ಖಾರವಾಯಿತು. ಎರಡೇ ಡಬ್ಬಿ ಇದ್ದರೆ ತಪ್ಪು ಯಾರದೆಂದು ಹೇಳಲು ಮೂರನೆಯದು ಎಲ್ಲಿಂದ ಬರಬೇಕು? ಜೀವನವಿಡೀ ಕಾಯ್ದದ್ದನ್ನು ತಪ್ಪು ಎಂದು ಒಪ್ಪಿಕೊಳ್ಳಲು ಇಬ್ಬರಿಗೂ ಮನಸ್ಸಿಲ್ಲ. ಕಾಕಾ ಹೋಗಿಬರುತ್ತೇನೆಂದೂ ಹೇಳದೆ ಬಸ್ಸು ಹತ್ತಿದರು. ಅಂದಿನಿಂದ ಸಂಜೆಯ ಫೋನು ನಿಂತಿತು. ಕೂದಲೆಳೆಗಾಗಿ ಇಂಥ ಗೆಳೆತನ ಬಿಡುತ್ತಾರೆಯೇ ಎಂದು ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಫೋನು ಹೊಡೆದುಕೊಂಡರೆ ಕಾಕಾ ಥಟ್ಟನೆ ಏಳುತ್ತಿದ್ದರು, ಹೆಸರು ನೋಡಿ ಮತ್ತೆ ಕೂರುತ್ತಿದ್ದರು.

ಮುಂದೆ ಕಾಕಾರಿಗೆ ಎದೆನೋವು ಬಂದು ಹುಬ್ಬಳ್ಳಿಯಲ್ಲಿ ಆಪರೇಶನ್ ಎಂದಾಯಿತು. ಹೊರಡುವ ದಿನ ಬೆಳಗ್ಗೆ ನನ್ನನ್ನು ಕರೆದು ಬ್ಯಾಟರಿ ಹಿಡಿ ಎಂದರು. ಟ್ರ್ಯಾಕ್ಟರಿನದಲ್ಲ, ಕೈಯಲ್ಲಿ ಹಿಡಿಯುವ ಬೆಳಕಿನ ಬ್ಯಾಟರಿ. ಡಬ್ಬಿಯ ತೂತಿನಲ್ಲಿ ಹೆಣಿಗೆಯ ಪ್ಲಾಸ್ಟಿಕ್ ಕಡ್ಡಿಯನ್ನು ಕೆತ್ತಿ ಮಾಡಿದ ತಿರುಪುಳಿ ಇಟ್ಟು, ಕೌಂಟರಿನ ಅಂಕಿ ನೋಡುತ್ತ, ಒಳಗಿನ ಸ್ಕ್ರೂ ತಿರುಗಿಸಿದರು. ಬಹಳ ಹೊತ್ತು ಹಿಡಿಯಿತು.

"ಸಾಬರದ ಖರೇ ಇರಬೇಕು ತಂಗಿ. ಅವರ ಲೆಕ್ಕಕ್ಕ ಇಳಿಸೇನಿ. ಬಂದ ಮ್ಯಾಲ ಫೋನ್ ಮಾಡ್ತೇನಿ," ಎಂದರು.

ಅವರು ಬರಲಿಲ್ಲ.

ಕಾಕಾರ ಮಣ್ಣಾದ ಕೆಲ ದಿನಗಳಿಗೆ ಮೌಲಾಸಾಬರು ಬಂದರು. ತೊಡೆಯಷ್ಟೆತ್ತರದ ಚೀಲದಲ್ಲಿ ಬ್ಯಾಟರಿ, ಮಫ್ಲರಿನಲ್ಲಿ ಸುತ್ತಿದ ಬಿಸಿ ಡಬ್ಬಿ. ದಾರಿಯಲ್ಲಿ ಅವರನ್ನು ಯಾರು ಏನು ಕೇಳಿದರೋ. ಕಾಕುವಿಗೆ ಕೈ ಮುಗಿದು, ಒಳಕೋಣೆಗೆ ಹೋಗಿ ಎರಡನ್ನೂ ಕೌಂಟರಿಗೆ ಜೋಡಿಸಿದರು. ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಆಮೇಲೆ, ಕಾಕಾರ ಡಬ್ಬಿಯನ್ನು ಯಾರಾದರೂ ಮುಟ್ಟಿದ್ದರೇ ಎಂದು ನನ್ನನ್ನು ಕೇಳಿದರು. ಬ್ಯಾಟರಿ ಹಿಡಿದ ಬೆಳಗಿನ ಸಂಗತಿ ಹೇಳಿದೆ.

ಸಾಬರು ಕೌಂಟರಿನ ಕೊನೆಯ ಅಂಕಿಯ ಮೇಲೆ ಬೆರಳಿಟ್ಟರು.

"ನಾನೂ ಮುಟ್ಟೇನ್ರಿ ಅಕ್ಕಾರ. ದವಾಖಾನಿಗೆ ಹ್ವಾದ್ರಂತ ಕೇಳಿದ ದಿನಾನ. ಸಾವ್ಕಾರ್ರದ ಖರೇ ಅಂತ ಹೇಳಿ ನಂದನ್ನ ಅವರ ಲೆಕ್ಕಕ್ಕ ಏರಿಸಿದ್ನಿ. ಈಗ ನೋಡ್ರಿ, ಫರಕು ಮೊದಲಿನಷ್ಟ ಐತಿ. ನಂದು ಓಡಾಕತ್ತೈತಿ, ಅವರದು ಕುಂಟಾಕತ್ತೈತಿ."

ಅರ್ಥವಾಗಲು ನನಗೆ ಹೊತ್ತು ಬೇಕಾಯಿತು. ಇಬ್ಬರಲ್ಲಿ ಯಾರದು ಸರಿಯಿತ್ತೋ, ಆ ಸರಿ ಈಗ ಇನ್ನೊಬ್ಬರ ಮನೆಯಲ್ಲಿತ್ತು. ಹಾಗಾದರೆ ಈಗ ಯಾವುದನ್ನು ತಿದ್ದುತ್ತೀರಿ ಎಂದು ಕೇಳಿದೆ. ಸಾಬರು ತಲೆಯಾಡಿಸಿ ತಮ್ಮ ಡಬ್ಬಿಗೆ ಮತ್ತೆ ಮಫ್ಲರ್ ಸುತ್ತಿದರು. ಅವರೂ ತಿದ್ದಲಿಲ್ಲ, ನಮಗೂ ಮುಟ್ಟಗೊಡಲಿಲ್ಲ.

ಕಾಕು ಡಬ್ಬಿಯನ್ನು ಆರಿಸಿಲ್ಲ. ಕರೆಂಟು ಹೋದರೆ ಗೋಡೆ ಬಡಿಯುತ್ತಾರೆ. ಓಡಿಹೋಗಿ ಬ್ಯಾಟರಿಯ ವಾಯರು ಜೋಡಿಸಿ ಡಬ್ಬಿಯ ಮೇಲೆ ಅಂಗೈ ಇಡುತ್ತೇನೆ. ಬಿಸಿ ಇರುತ್ತದೆ. ಇದು ಕಾಕಾರ ಸೆಕೆಂಡೋ ಸಾಬರ ಸೆಕೆಂಡೋ ನನಗೆ ಈಗಲೂ ಗೊಂದಲವೇ. ಇದೆಯೇ ಎಂದು ಕಾಕು ಜಗಲಿಯ ಹತ್ತಿರದಿಂದ ಕೇಳುತ್ತಾರೆ. ಇದೆ ಎನ್ನುತ್ತೇನೆ.