ಮೋದಿನಸಾಬನ ನೀಲಿ ಔಷಧ

ಯಾವುದೋ ದವಾಖಾನೆಯಲ್ಲಿ ಕೆಲವು ವರ್ಷ ಕಂಪೌಂಡರಾಗಿದ್ದು, ಆಮೇಲೆ ಸಿಂದಗಿ ಬಸ್‌ ಸ್ಟ್ಯಾಂಡಿನ ಹಿಂದೆ ತಾನೇ ಡಾಕ್ಟರಾಗಿ ಕುಳಿತ ಮೋದಿನಸಾಬನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನ ಹತ್ತಿರ ಇರುವುದು ಒಂದೇ ಔಷಧ, ಗಾಯಕ್ಕೆ ಹಚ್ಚುವ ಆ ನೀಲಿ ನೀರು. ಬಾಯಿಹುಣ್ಣಿಗೂ ಅದೇ, ಎತ್ತಿನ ಹೆಗಲ ಗಾಯಕ್ಕೂ ಅದೇ. ಹೊಟ್ಟೆನೋವೆಂದು ಹೋದವರಿಗೆ ಹೊಕ್ಕುಳ ಸುತ್ತ ಅದನ್ನೇ ಬಳಿದು, "ಹೊರಗ ಹಚ್ಚಿದ್ದು ಒಳಗ ಇಳೀತೈತ್ರಿ" ಎಂದು ಕಳಿಸುತ್ತಾನೆ. ಸಂತೆಯ ದಿನ ಅರ್ಧ ಊರೇ ನೀಲಿ. ಆ ನೀಲಿ ಬೆರಳಲ್ಲೇ ರೊಟ್ಟಿ ಮುರಿಯುತ್ತಾನೆ, ಸಲಾಮು ಮಾಡುತ್ತಾನೆ. ಅವನ ಹೆಂಡತಿ ಸುಗ್ರಾಳ ತಲೆಯೊಳಗೆ ಗಡ್ಡೆಯಿದೆ, ಕೊಯ್ಯಲು ಬರುವುದಿಲ್ಲ ಎಂದು ಮಿರಜದ ಡಾಕ್ಟರು ಹೇಳಿದರು. ಈ ಪುಣ್ಯಾತ್ಮ ಮರುದಿನದಿಂದ ಆಕೆಯ ಬೈತಲೆಗೂ ಅದನ್ನೇ ಹಚ್ಚತೊಡಗಿದ. ಮೊನ್ನೆ ತಡೆಯಲಾರದೆ ಅವನಲ್ಲಿಗೇ ಹೋಗಿ, "ಬುರುಡಿ ಎಲುಬು ದಾಟಿ ಅದು ಒಳಗ ಇಳೀತೈತೇನಪಾ, ಮೋದಿನಸಾಬ?" ಎಂದು ಗದರಿದೆ. ಅವನು ಒಳಮನೆಯ ಪರದೆಯ ಕಡೆ ನೋಡಿ, ದನಿ ತಗ್ಗಿಸಿ, "ಇಳಿಯೂದಿಲ್ರಿ" ಎಂದ. "ಹಚ್ಚಿದ ಮ್ಯಾಲ ಜರಾ ನಿದ್ದಿ ಮಾಡ್ತಾಳ. ಆಕಿ ಮುಂದ ಮಾತ್ರ ಹಿಂಗ ಅನಬ್ಯಾಡ್ರಿ."